ಇನ್ನುಳಿದ 240 ಸಾಲು

(ಮಂಗಳೂರಿನ ಕ್ರೈಸ್ತ ಸಭೆಯೊಂದರ ಸ್ತ್ರೀಯರ ಅನ್ಯೋನ್ಯ ಕೂಟದಲ್ಲಿ, ಅಗಲಿದ ಅಮ್ಮನವರ, ಅಂದರೆ ಸಭೆಯ ಪಾದ್ರಿಯವರ ಹೆಂಡತಿಯ, ನೆನಪಿನ ಸಂಜೆ ಕೊಟ್ಟ ಉಪನ್ಯಾಸದ ಬರಹ ರೂಪ. ಮನೆಯವರ ಇಷ್ಟದಂತೆ ಹೆಸರು ಹಾಕಿಲ್ಲ.)

ಮೇಜಿನ ಮೇಲಿಟ್ಟಿರುವ ಲೇಸನ್ನು ಕೈಗೆತ್ತಿಕೊಂಡು ನೋಡಿ. ಅದರ ಮುಂಬದಿ ಯಾವುದು, ಹಿಂಬದಿ ಯಾವುದು, ಹುಡುಕಿ. ಸಿಗುವುದಿಲ್ಲ. ಎಲ್ಲಾದರೂ ಒಂದು ಗಂಟು ಬೆರಳಿಗೆ ತಾಗುತ್ತದೆಯೋ ನೋಡಿ. ಅದೂ ಇಲ್ಲ. 112 ಅಂಗುಲ ಹೆಣೆದಿದ್ದಾರೆ. ಅಷ್ಟರಲ್ಲಿ ನೂಲಿನ ಉಂಡೆ ಎಷ್ಟೋ ಸಲ ಮುಗಿದಿರಬೇಕು, ಹೊಸದು ಸೇರಿಸಿರಬೇಕು. ಆ ಜಾಗ ತೋರಿಸಿ ಎಂದರೆ ಹೆಣಿಗೆ ಬಲ್ಲವರೂ ಐದು ನಿಮಿಷ ತಡಕಾಡುತ್ತಾರೆ.

ಅಮ್ಮನವರ ಬಗ್ಗೆ ಈ ಸಂಜೆ ಹಲವರು ಒಳ್ಳೆಯ ಮಾತಾಡಿದ್ದೀರಿ. ನಮ್ಮ ಪಾಲಿಗೆ ಬಂದಿರುವುದು ಈ ಲೇಸು. ಆರಾಧನೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ‘ರಾತ್ರಿ ಭೋಜನ’ದ ಮೇಜಿನ ಬಟ್ಟೆಗೆಂದು ಶುರು ಮಾಡಿದ್ದು, 560ನೇ ಸಾಲಿಗೆ ನಿಂತಿದೆ. ಆಗಬೇಕಾದ್ದು 800. ಕ್ರೋಶಾ ಕಡ್ಡಿ ಕೊನೆಯ ಕುಣಿಕೆಯಲ್ಲೇ ಇತ್ತು. ಅದನ್ನು ತೆಗೆದು ಬಿಳಿ ನೂಲಿನ ತುಂಡು ಪೋಣಿಸಿ ಕಟ್ಟಿಟ್ಟಿದ್ದೇವೆ. ಪಿನ್ನು ಯಾಕೆ ಹಾಕಲಿಲ್ಲ ಎನ್ನುವುದು ಆಮೇಲೆ ತಿಳಿಯುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡಬೇಕು. ಸಭಾಪಾಲಕರ ಹೆಂಡತಿಯನ್ನು ನಾವು ಅಮ್ಮನವರು ಅನ್ನುತ್ತೇವೆ. ಸಂಬಳವಿಲ್ಲ, ನೇಮಕದ ಕಾಗದವಿಲ್ಲ, ಆದರೆ ಕೆಲಸ ಮಾತ್ರ ಪೂರ್ತಿ. ಈ ಕರಾವಳಿಯಲ್ಲಿ ಅದು ಹೊಸತಲ್ಲ. ಸ್ವಿಟ್ಜರ್‌ಲೆಂಡಿನ ಬಾಸೆಲ್ ಮಿಷನಿನ ಮೊದಲ ಮಿಷನರಿಗಳಾದ ಹೆಬಿಕ್, ಲೇನರ್, ಗ್ರೈನರ್ ಮಂಗಳೂರಿಗೆ ಬಂದದ್ದು 1834ರಲ್ಲಿ. ಮಿಷನಿನ ಕಮಿಟಿಯ ಒಪ್ಪಿಗೆ ಇಲ್ಲದೆ ಮಿಷನರಿ ಮದುವೆಯಾಗುವಂತಿರಲಿಲ್ಲ. ಆದರೆ ಬಂದ ಹೆಂಡತಿಗೆ ಹೆಣ್ಣುಮಕ್ಕಳ ಶಾಲೆ, ಹೊಲಿಗೆ ಪಾಠ, ರೋಗಿಗಳ ಭೇಟಿ ಕಾದಿರುತ್ತಿತ್ತು. ಮಲಯಾಳಂ ನಿಘಂಟು ಮಾಡಿದ ಮಿಷನರಿ ಗುಂಡರ್ಟ್ ಹೆಸರು ಎಲ್ಲರಿಗೂ ಗೊತ್ತು. ಜೂಲಿ ದ್ಯುಬುವಾ ಅವರನ್ನು 1838ರಲ್ಲಿ ಮದುವೆಯಾಗಿ ಅದೇ ವರ್ಷ ಮಂಗಳೂರಿಗೆ ಬಂದು, ಮರುವರ್ಷ ತಲಶ್ಶೇರಿಗೆ ಹೋದರು. ಅಲ್ಲಿ ಹೆಣ್ಣುಮಕ್ಕಳ ಶಾಲೆ ನಡೆಸಿದ್ದು ಜೂಲಿ. ಕಾದಂಬರಿಕಾರ ಹರ್ಮನ್ ಹೆಸ್ಸೆಯ ಅಜ್ಜಿ ಎಂದರೆ ಈಗ ಕೆಲವರು ತಲೆ ಎತ್ತಿ ನೋಡುತ್ತೀರಿ. ಕಿಟೆಲರ ನಿಘಂಟು 1894ರಲ್ಲಿ ನಮ್ಮೂರಿನ ಮಿಷನ್ ಪ್ರೆಸ್ಸಿನಲ್ಲೇ ಅಚ್ಚಾಯಿತು, ಅದರ ಹೆಮ್ಮೆ ನಮಗೆಲ್ಲ ಇದೆ. ಅವರ ಮೊದಲ ಹೆಂಡತಿ ಪೌಲಿನ್ 1864ರಲ್ಲಿ ತೀರಿಕೊಂಡರು, ಆಮೇಲೆ ಪೌಲಿನ್ ಅವರ ಸೋದರಿಯೇ (ಅವರ ಹೆಸರೂ ಜೂಲಿ) ಎರಡನೆಯ ಹೆಂಡತಿಯಾಗಿ ಆ ಮನೆಗೆ ಬಂದರು ಎನ್ನುವುದು ಎಷ್ಟು ಮಂದಿಗೆ ಗೊತ್ತು? ಗಂಡಂದಿರ ಕೆಲಸಕ್ಕೆ ಮುಖಪುಟವಿದೆ. ಹೆಂಡತಿಯರ ಕೆಲಸ ಒಗೆದು, ಗಂಜಿ ಹಾಕಿ, ಮತ್ತೆ ಒಗೆದು ಹರಿದುಹೋಗಿದೆ. ಹರಿಯದೆ ಉಳಿದ ಒಂದು ತುಂಡು ಇಲ್ಲಿದೆ, ಅದರ ಲೆಕ್ಕಕ್ಕೆ ಬರೋಣ.

ಪೆಟ್ಟಿಗೆಯಲ್ಲಿ ಮಕ್ಕಳ ಲೆಕ್ಕದ ಚೌಕುಳಿ ಪುಸ್ತಕ ಒಂದಿದೆ. ಅಮ್ಮನವರ ನಕ್ಷೆ, ಅಳತೆ ಎಲ್ಲ ಅದರಲ್ಲೇ. ಮೇಜು 60 ಅಂಗುಲ ಉದ್ದ, 30 ಅಂಗುಲ ಅಗಲ. ಬಟ್ಟೆ ಮುಂದಕ್ಕೂ ಎರಡು ಬದಿಗೂ 6 ಅಂಗುಲ ಇಳಿಯಬೇಕು, ಹಿಂದೆ ಮೇಜಿನ ಅಂಚಿಗೆ ಸಮ. ಹಾಗಾದರೆ ಬಟ್ಟೆ 72ಕ್ಕೆ 36. ಲೇಸು ಮುಂದೆ 72, ಬದಿಗಳಿಗೆ 36 ಮತ್ತು 36, ಒಟ್ಟು 144 ಅಂಗುಲ. ಸರಿಯಾಗಿ 4 ಗಜ. ಹೊಸಬರು ಇಲ್ಲಿಗೇ ಲೆಕ್ಕ ಮುಗಿಸುತ್ತಾರೆ, ತಪ್ಪುವುದೂ ಇಲ್ಲೇ.

ಮೂಲೆಯನ್ನು ಮರೆತಿರುತ್ತಾರೆ. ಲೇಸಿನ ಅಗಲ 4 ಅಂಗುಲ. ಬಟ್ಟೆಯ ಮೂಲೆಯಲ್ಲಿ ಅದು ತಿರುಗುವಾಗ ಒಳಗಿನ ಅಂಚಿಗೆ ಒಂದು ಚುಕ್ಕೆಯಷ್ಟೇ ಜಾಗ ಸಾಕು, ಹೊರಗಿನ ಅಂಚಿಗೆ ಎರಡೂ ಕಡೆ 4 ಅಂಗುಲ, ಅಂದರೆ 8 ಅಂಗುಲ ಹೆಚ್ಚಿಗೆ ಬೇಕು. ಕೊಡದಿದ್ದರೆ ಮೂಲೆ ಬೆಂದ ಹಪ್ಪಳದ ಹಾಗೆ ಮುದುರಿ ಮೇಲೇಳುತ್ತದೆ, ಎಷ್ಟು ಇಸ್ತ್ರಿ ಹಾಕಿದರೂ ಕೂರುವುದಿಲ್ಲ. ಎರಡು ಮೂಲೆಗೆ 16 ಅಂಗುಲ. 144ಕ್ಕೆ 16 ಸೇರಿ 160. ಅಮ್ಮನವರ ಕೈಗೆ ಅಂಗುಲಕ್ಕೆ 5 ಸಾಲು ಬರುತ್ತಿತ್ತು. ಆದ್ದರಿಂದ 800 ಸಾಲು. ಪುಸ್ತಕದಲ್ಲಿ 16ರ ಸುತ್ತ ಎರಡು ಸಲ ಗೆರೆ ಎಳೆದಿದ್ದಾರೆ. ಹಿಂದೊಮ್ಮೆ ಕೈ ಸುಟ್ಟುಕೊಂಡಿರಬೇಕು.

ಹೊಲಿಯುವಾಗ ಈ 8 ಅಂಗುಲವನ್ನು ಮೂಲೆಯ ಒಂದೇ ಜಾಗಕ್ಕೆ ತುರುಕಬಾರದು. ಮೂಲೆಗೆ ಮೊದಲು 4 ಅಂಗುಲ, ಮೂಲೆ ದಾಟಿ 4 ಅಂಗುಲ, ಒಟ್ಟು 8 ಅಂಗುಲ ಬಟ್ಟೆಗೆ 16 ಅಂಗುಲ ಲೇಸು ನೆರಿಗೆಯಾಗಿ ಕೂರಬೇಕು. ಲೇಸಿನ ತಲೆಯ, ಅಂದರೆ ಬಟ್ಟೆಗೆ ಸೇರುವ, ಅಂಚಿನಲ್ಲಿ ಓಟದ ಹೊಲಿಗೆ ಹಾಕಿ, ನೂಲು ಎಳೆದು, ನೆರಿಗೆ ಸಮ ಮಾಡಿ, ಆಮೇಲೆ ಹೊಲಿಯಿರಿ.

ನೂಲು 20 ನಂಬರಿನ ಬಿಳಿ ಕ್ರೋಶಾ ನೂಲು, ಕಡ್ಡಿ 1.25 ಮಿಲಿಮೀಟರಿನದು. ನೂಲಿನ ನಂಬರು ಹೆಚ್ಚಿದಂತೆ ಎಳೆ ಸಣ್ಣದಾಗುತ್ತದೆ, ಅಂಗಡಿಯಲ್ಲಿ ಇದನ್ನು ತಿರುಗಾಮುರುಗಾ ಹೇಳುವವರಿದ್ದಾರೆ. ಬೇಕಾದಷ್ಟು ಉಂಡೆ ಒಂದೇ ಸಲ ಕೊಳ್ಳಿ. ಬಿಳಿ ಎಲ್ಲ ಒಂದೇ ಬಿಳಿಯಲ್ಲ. ಒಂದು ಹಾಲುಬಿಳಿ, ಇನ್ನೊಂದಕ್ಕೆ ನೀಲಿಯ ಛಾಯೆ. ಉಂಡೆಯ ಚೀಟಿಯಲ್ಲಿ ಬಣ್ಣದ ನಂಬರಿನ ಜೊತೆ ಲಾಟ್ ನಂಬರೂ (ಒಟ್ಟಿಗೆ ತಯಾರಾದ ಕಂತಿನ ನಂಬರು) ಇರುತ್ತದೆ, ಎರಡೂ ಒಂದೇ ಇರಬೇಕು. ಅಮ್ಮನವರು ಎಲ್ಲ ಚೀಟಿಗಳನ್ನೂ ಪುಸ್ತಕದೊಳಗೆ ಇಟ್ಟಿದ್ದಾರೆ. ಮುಟ್ಟದ ಉಂಡೆಗಳೂ ಪೆಟ್ಟಿಗೆಯಲ್ಲಿವೆ, ಲಾಟ್ ಹೊಂದುತ್ತದೆ. ನಮ್ಮ ಅದೃಷ್ಟ.

ಹೆಣಿಗೆ ಚೌಕದ ಜಾಲಿ. ಕುಣಿಕೆಯೊಳಗಿಂದ ನೂಲು ಎಳೆದು ಮಾಡುವ ಕೊಂಡಿ ಸರಪಣಿ, ಕಡ್ಡಿಗೆ ನೂಲು ಸುತ್ತಿ ಹಾಕುವ ಎತ್ತರದ ಹೊಲಿಗೆ ಕಂಬ. ಖಾಲಿ ಚೌಕ ಎಂದರೆ ಒಂದು ಕಂಬ, ಎರಡು ಸರಪಣಿ. ತುಂಬಿದ ಚೌಕದಲ್ಲಿ ಆ ಎರಡು ಸರಪಣಿಯ ಜಾಗಕ್ಕೆ ಎರಡು ಕಂಬ. ಇಷ್ಟೇ. ಆರಂಭದ ಸರಪಣಿಗೆ ಸೂತ್ರವಿದೆ. ಚೌಕಗಳ ಸಂಖ್ಯೆಯನ್ನು 3ರಿಂದ ಗುಣಿಸಿ, ಮೊದಲ ಚೌಕ ಖಾಲಿಯಾದರೆ 5 ಕೂಡಿಸಿ, ತುಂಬಿದ್ದಾದರೆ 3 ಕೂಡಿಸಿ. ಅಮ್ಮನವರ ಲೇಸಿಗೆ ಅಗಲದಲ್ಲಿ 20 ಚೌಕ, ಮೊದಲನೆಯದು ಖಾಲಿ, ಹಾಗಾಗಿ 65 ಸರಪಣಿ. ಮೊದಲ ಕಂಬ ಕಡ್ಡಿಯಿಂದ 8ನೇ ಸರಪಣಿಗೆ. ಖಾಲಿ ಚೌಕದಿಂದ ಶುರುವಾಗುವ ಮುಂದಿನ ಸಾಲುಗಳಲ್ಲಿ ತಿರುಗುವಾಗ 5 ಸರಪಣಿ. 3 ಕಂಬದ ಲೆಕ್ಕಕ್ಕೆ, 2 ಚೌಕದ ಲೆಕ್ಕಕ್ಕೆ. ಸಾಲಿನ ಕೊನೆಯಲ್ಲಿ ಆ ತಿರುಗುವ ಸರಪಣಿಯ 3ನೇ ಸರಪಣಿಗೆ ಕಂಬ ಹಾಕಲು ಮರೆತರೆ ಸಾಲಿಗೊಂದು ಚೌಕ ಕಳೆಯುತ್ತದೆ. ಲೇಸು ಕಿರಿದಾಗುತ್ತಾ ಹೋಗುವುದಕ್ಕೆ ನೂರಕ್ಕೆ ತೊಂಬತ್ತು ಪಾಲು ಇದೇ ಕಾರಣ.

ಈಗ ಮೊಬೈಲಿನಲ್ಲಿ ನೋಡಿ ಕಲಿಯುವವರಿಗೆ ಒಂದು ಎಚ್ಚರ. ಈ ಕಂಬವನ್ನು ನಮ್ಮ ಹಳೆಯ ಹೊಲಿಗೆ ಕ್ಲಾಸಿನವರು ಟ್ರೆಬಲ್ ಅನ್ನುವುದು ಇಂಗ್ಲೆಂಡಿನ ರೂಢಿ. ಅದನ್ನೇ ಅಮೆರಿಕದವರು ಡಬಲ್ ಅನ್ನುತ್ತಾರೆ. ಅವರು ಟ್ರೆಬಲ್ ಅಂದರೆ ಇನ್ನೂ ಒಂದು ಸುತ್ತು ಹೆಚ್ಚಿನ ಉದ್ದ ಕಂಬ. ಅಮ್ಮನವರ ಪುಸ್ತಕದ ಟ್ರೆಬಲ್ ಒಂದೇ ಸಲ ನೂಲು ಸುತ್ತಿ ಹಾಕುವ ಕಂಬ. ಇದು ತಪ್ಪಿದರೆ ಚೌಕ ಉದ್ದವಾಗಿ ಏಣಿಯ ಮೆಟ್ಟಿಲಿನಂತೆ ಕಾಣುತ್ತದೆ.

ಇದು ಸರಿಯಿದ್ದರೂ ಚೌಕ ಚೌಕವಾಗದೆ ಇರಬಹುದು. ಕೆಲವರ ಕೈಯಲ್ಲಿ ಕಂಬ ಗಿಡ್ಡ, ಕೆಲವರದು ಉದ್ದ. ಇದು ಕೈ ಬಿಗಿಯೋ ಸಡಿಲವೋ ಎನ್ನುವುದಕ್ಕಿಂತ ಹೆಚ್ಚಾಗಿ, ನೂಲನ್ನು ಮೊದಲು ಎಳೆದಾಗ ಬರುವ ಕುಣಿಕೆ ಎಷ್ಟು ಎತ್ತರಕ್ಕೆ ಬಂತು ಎನ್ನುವುದರ ಮೇಲೆ ನಿಂತಿದೆ. ಅದನ್ನು ಕೂದಲೆಳೆಯಷ್ಟು ಮೇಲಕ್ಕೆಳೆದರೆ ಗಿಡ್ಡ ಕಂಬ ಸರಿಹೋಗುತ್ತದೆ. ಕಡ್ಡಿ ಬದಲಿಸಿದರೆ ಅಗಲವೂ ಎತ್ತರವೂ ಒಟ್ಟಿಗೆ ಬದಲಾಗುವುದರಿಂದ ಆಕಾರ ಹಾಗೆಯೇ ಉಳಿಯುತ್ತದೆ.

ಲೇಸಿನ ನಡುವೆ ‘ಶಾಂತಿ’ ಎಂದಿದೆ, 381ನೇ ಸಾಲಿನಿಂದ 420ರವರೆಗೆ. ಈ ಪದವನ್ನೇ ಯಾಕೆ ಆರಿಸಿಕೊಂಡರು ಎಂದು ಅನೇಕರು ಕೇಳಿದ್ದೀರಿ. ಭಕ್ತಿಯ ಕಾರಣ ಅವರಿಗೇ ಗೊತ್ತು. ಹೆಣಿಗೆಯ ಕಾರಣ ಪುಸ್ತಕದಲ್ಲಿದೆ. ಇಂಗ್ಲಿಷಿನ ದೊಡ್ಡಕ್ಷರ 7 ಚೌಕದ ಎತ್ತರದಲ್ಲಿ ನಿಲ್ಲುತ್ತದೆ, ಹೆಚ್ಚಾಗಿ ನೇರ ಗೆರೆ. ನಮ್ಮ ಅಕ್ಷರದ ದುಂಡುತನ, ತಲೆಕಟ್ಟು, ಕೊಂಬು ಓದಿಸಿಕೊಳ್ಳಬೇಕಾದರೆ 13 ಚೌಕವಾದರೂ ಬೇಕು. ಒತ್ತಕ್ಷರ ಬಂದರೆ ಕೆಳಗೆ ಇನ್ನೂ 6. ಇರುವುದೇ 20 ಚೌಕ. 19 ಹೋದರೆ ಅಂಚಿಗೆ ಉಳಿಯುವುದು ಒಂದು. ‘ಪ್ರೀತಿ’ ಎಂದು ಬರೆದು ಅಡ್ಡಗೆರೆ ಹೊಡೆದಿದ್ದಾರೆ, ‘ಪರಿಶುದ್ಧ’ಕ್ಕೂ ಅದೇ ಗತಿ. ‘ಶಾಂತಿ’ಯಲ್ಲಿ ಒತ್ತಿಲ್ಲ.

ಲೇಸನ್ನು ಅಡ್ಡಲಾಗಿ, ಚಿಕ್ಕ ಚಿಕ್ಕ ಸಾಲಾಗಿ ಹೆಣೆಯುವುದರಿಂದ ಅಕ್ಷರ ಮಲಗಿಕೊಂಡೇ ಹುಟ್ಟುತ್ತದೆ. ನಕ್ಷೆಯ ಪುಸ್ತಕವನ್ನು ಕಾಲು ಸುತ್ತು ತಿರುಗಿಸಿ ಓದಬೇಕು. ಬೆಸ ಸಾಲು ಬಲದಿಂದ ಎಡಕ್ಕೆ, ಸಮ ಸಾಲು ಎಡದಿಂದ ಬಲಕ್ಕೆ. ಒಂದು ಸಾಲು ತಪ್ಪಿದರೆ ಅಕ್ಷರದ ಬೆನ್ನು ಮುರಿಯುತ್ತದೆ, ಅಲ್ಲಿಯವರೆಗೆ ಬಿಚ್ಚದೆ ಬೇರೆ ದಾರಿಯಿಲ್ಲ. ಆದರೆ ಇಡೀ ಪದ ಕನ್ನಡಿಯಲ್ಲಿ ಕಂಡಂತೆ ತಿರುಗಿ ಬಂದಿದ್ದರೆ ಗಾಬರಿ ಬೇಡ. ಜಾಲಿಗೆ ಎರಡು ಮುಖವೂ ಒಂದೇ, ಮಗುಚಿ ಹಾಕಿದರೆ ಆಯಿತು. ಬಟ್ಟೆಗೆ ಹೊಲಿಯುವ ಮುನ್ನ ನೋಡಿಕೊಂಡಿದ್ದರೆ ಮಾತ್ರ!

ಗಂಟಿಲ್ಲದ ಸೇರಿಕೆಗೆ ಅಮ್ಮನವರ ಕ್ರಮ ಇದು. ಉಂಡೆ ಮುಗಿಯುವ ಮುನ್ನ ತುಂಬಿದ ಚೌಕ ಬರುವ ಜಾಗ ನೋಡಿಕೊಳ್ಳುವುದು. ಹಳೆಯ ನೂಲಿನ ಬಾಲ 4 ಅಂಗುಲ, ಹೊಸದರ ಬಾಲ 4 ಅಂಗುಲ ಬಿಟ್ಟು, ಕಂಬದ ಕೊನೆಯ ಎಳೆತವನ್ನು ಹೊಸ ನೂಲಿನಲ್ಲಿ ಮಾಡುವುದು. ಎರಡೂ ಬಾಲಗಳನ್ನು ಮೊಂಡು ಸೂಜಿಯಿಂದ ತುಂಬಿದ ಚೌಕಗಳ ಕಂಬದೊಳಗೆ ಒಂದು ಕಡೆ ಹೋಗಿ, ಒಂದು ಎಳೆ ಬಿಟ್ಟು, ವಾಪಸು ಬರುವುದು. ಖಾಲಿ ಚೌಕದಲ್ಲಿ ಬಾಲ ಅಡಗಿಸಿದರೆ ದೀಪದ ಬೆಳಕಿಗೆ ಕಾಣುತ್ತದೆ. ಗಂಟು ಹಾಕಿದರೆ ಇಸ್ತ್ರಿಯ ಕೆಳಗೆ ಗುಬುಟಾಗಿ ನಿಂತು, ನಾಲ್ಕೈದು ಒಗೆತದಲ್ಲಿ ಸುತ್ತಲಿನ ಎಳೆಯನ್ನು ತಿನ್ನುತ್ತದೆ.

ಬಟ್ಟೆಯ ವಿಷಯ ಚುಟುಕಾಗಿ. ಅಪ್ಪಟ ಹತ್ತಿಯ ಕೇಸ್‌ಮೆಂಟ್ ಸಾಕು, ಲಿನನ್ ಸಿಕ್ಕಿದರೆ ಒಳ್ಳೆಯದು. ಟೆರಿಕಾಟ್ ಬೇಡವೇ ಬೇಡ. ಅದು ಕುಗ್ಗುವುದಿಲ್ಲ, ಲೇಸಿನ ಹತ್ತಿ ನೂಲು ಕುಗ್ಗುತ್ತದೆ, ಮೊದಲ ಒಗೆತಕ್ಕೇ ಅಂಚು ಸುರುಟುತ್ತದೆ. ಹತ್ತಿಗೆ ನೂರಕ್ಕೆ 5ರಷ್ಟು ಕುಗ್ಗು ಹಿಡಿಯಿರಿ. ಅಂಚು ಮಡಚಲು ಪ್ರತಿ ಬದಿಗೆ 1 ಅಂಗುಲ ಸೇರಿಸಿದರೆ 74ಕ್ಕೆ 38, ಕುಗ್ಗು ಸೇರಿದರೆ 78ಕ್ಕೆ 40 ಅಂಗುಲದ ತುಂಡು ಕೊಳ್ಳಬೇಕು. ರಾತ್ರಿಯಿಡೀ ನೆನೆಸಿ, ಹಿಂಡದೆ ಒಣಗಿಸಿ, ಆಮೇಲೆ ಕತ್ತರಿಸಿ. ಲೇಸನ್ನೂ ಬೇರೆಯಾಗಿ ಒಮ್ಮೆ ಒಗೆದೇ ಜೋಡಿಸಿ.

ಈಗ ನಮ್ಮೂರಿನ ನಿಜವಾದ ವೈರಿ, ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಬಿಳಿ ಬಟ್ಟೆ ಉಳಿಸುವುದೇ ಒಂದು ವಿದ್ಯೆ. ಗಂಜಿ ಹಾಕಿದ ಬಟ್ಟೆಯನ್ನು ಕಪಾಟಿನಲ್ಲಿಟ್ಟರೆ ಬೂಸ್ಟು ಮೊದಲು ಹಿಡಿಯುವುದು ಗಂಜಿಗೆ, ಆಮೇಲೆ ನೂಲಿಗೆ. ಹುಳಕ್ಕೂ ಗಂಜಿಯೇ ಊಟ. ಆದ್ದರಿಂದ ಮೇ ತಿಂಗಳ ಬಿಸಿಲಿನಲ್ಲೇ ಗಂಜಿ ಪೂರ್ತಿ ಹೋಗುವಂತೆ ಒಗೆದು, ಗಂಜಿಯಿಲ್ಲದೆ ಒಣಗಿಸಿಡಬೇಕು. ಬಳಸುವ ವಾರ ಮಾತ್ರ ಗಂಜಿ. ಮಡಚಿಟ್ಟರೆ ಮಡಿಕೆಯಲ್ಲೇ ಹರಿಯುತ್ತದೆ, ದಪ್ಪ ರಟ್ಟಿನ ಕೊಳವೆಗೆ ಹಳೆಯ ಮಲ್ಲು ಬಟ್ಟೆ ಸುತ್ತಿ ಅದರ ಮೇಲೆ ಸುರುಳಿ ಸುತ್ತಬೇಕು. ಪ್ಲಾಸ್ಟಿಕ್ ಚೀಲ ಬೇಡ, ಅದರೊಳಗೆ ಬಟ್ಟೆ ಬೆವರುತ್ತದೆ. ನುಸಿಗುಳಿಗೆ ಇಡುವುದಾದರೆ ಬಟ್ಟೆಗೆ ತಾಗದಂತೆ ಪೊಟ್ಟಣ ಕಟ್ಟಿ ಮೂಲೆಯಲ್ಲಿಡಿ.

ಯಾವ ಗಂಜಿ? ಕುಚ್ಚಲಕ್ಕಿ ಗಂಜಿಯ ತಿಳಿ ಮನೆಯಲ್ಲಿ ದಿನಾ ಸಿಗುತ್ತದೆ ಎಂದು ಅದನ್ನೇ ಹಾಕುವವರಿದ್ದಾರೆ. ಅದರ ಕೆಂಪು ಬಿಳಿ ನೂಲಿಗೆ ಇಳಿಯುತ್ತದೆ. ಬೆಳ್ತಿಗೆ ಅಕ್ಕಿಯ ತಿಳಿ ಆಗಬಹುದು. ಲೇಸಿಗೆ ಎಲ್ಲಕ್ಕಿಂತ ಚೆನ್ನಾಗಿ ಕೂರುವುದು ಸಾಬಕ್ಕಿ. ಒಂದು ಲೀಟರ್ ನೀರಿಗೆ 2 ದೊಡ್ಡ ಚಮಚ, ಕಾಳು ಪೂರ್ತಿ ಕರಗಿ ತಿಳಿಯಾಗುವವರೆಗೆ ಕುದಿಸಿ, ತೆಳು ಬಟ್ಟೆಯಲ್ಲಿ ಸೋಸಬೇಕು. ಸೋಸದಿದ್ದರೆ ಚೌಕಗಳೊಳಗೆ ಪೊರೆ ಕಟ್ಟುತ್ತದೆ. ಅರ್ಧ ಒಣಗಿದಾಗ ಲೇಸನ್ನು ದಪ್ಪ ಹೊದಿಕೆಯ ಮೇಲೆ ಚೌಕ ಚೌಕವಾಗಿ ಎಳೆದು ಕೂರಿಸಬೇಕು. ಇಲ್ಲೇ ಪಿನ್ನಿನ ಅಪಾಯ. ಮಾಮೂಲಿ ಗುಂಡುಪಿನ್ನು ನಮ್ಮ ಉಪ್ಪುಗಾಳಿಯಲ್ಲಿ ಒಂದೇ ರಾತ್ರಿಗೆ ಒದ್ದೆ ಬಟ್ಟೆಗೆ ತುಕ್ಕು ಬಿಡುತ್ತದೆ. ತುಕ್ಕು ಹಿಡಿಯದ ಸ್ಟೀಲಿನ ಪಿನ್ನೇ ಬೇಕು, ಅದನ್ನೂ ಒಣಗಿದ ಕೂಡಲೇ ತೆಗೆಯಬೇಕು. ತುಕ್ಕಿನ ಕಲೆಗೆ ನಿಂಬೆರಸ, ಉಪ್ಪು, ಬಿಸಿಲು, ಆಮೇಲೆ ಚೆನ್ನಾಗಿ ತೊಳೆಯುವುದು.

ರಾತ್ರಿ ಭೋಜನದ ದ್ರಾಕ್ಷಾರಸ ಚೆಲ್ಲಿದರೆ ಮೊದಲು ಸಾಬೂನು ಹಚ್ಚುವುದು ದೊಡ್ಡ ತಪ್ಪು. ಸಾಬೂನಿನ ಕ್ಷಾರ ತಾಗಿದರೆ ದ್ರಾಕ್ಷಿಯ ಕೆಂಪು ನೀಲಿ ಬೂದಿಗೆ ತಿರುಗಿ ಗಟ್ಟಿಯಾಗುತ್ತದೆ. ಕೂಡಲೇ ತಣ್ಣೀರು, ಆಮೇಲೆ ಬಟ್ಟೆಯನ್ನು ಪಾತ್ರೆಯ ಬಾಯಿಗೆ ಬಿಗಿದು ಎತ್ತರದಿಂದ ಕುದಿನೀರು, ಉಳಿದದ್ದಕ್ಕೆ ನಿಂಬೆ. ಸಾಬೂನು ಕೊನೆಗೆ. ಮೇಣ ಬಿದ್ದರೆ ಗಟ್ಟಿಯಾಗಲು ಬಿಟ್ಟು ಮೊಂಡು ಚೂರಿಯಿಂದ ಎಬ್ಬಿಸಿ, ಮೇಲೆ ಕೆಳಗೆ ಒತ್ತುಕಾಗದ ಇಟ್ಟು ಇಸ್ತ್ರಿ. ಕ್ರಿಸ್ಮಸ್ಸಿಗೆ ಬಣ್ಣದ ಮೇಣದ ಬತ್ತಿ ಈ ಮೇಜಿನ ಮೇಲೆ ಬೇಡ ಎಂದು ಅಮ್ಮನವರು ಹಟ ಹಿಡಿಯುತ್ತಿದ್ದುದಕ್ಕೆ ಕಾರಣ ಇದು. ಮೇಣ ಹೋದರೂ ಬಣ್ಣ ಹೋಗುವುದಿಲ್ಲ.

ಬೇರೆ ಕೆಲಸಗಳಲ್ಲೂ ಇದೇ ಕಣ್ಣು. ಮನೆಮನೆಯಲ್ಲಿ ದಿನಕ್ಕೊಂದು ಹಿಡಿ ಅಕ್ಕಿ ದಾನಕ್ಕೆಂದು ಎತ್ತಿಡುವ ಹಿಡಿಯಕ್ಕಿಯನ್ನೇ ತೆಗೆದುಕೊಳ್ಳಿ. ಒಂದು ಹಿಡಿ 40 ಗ್ರಾಂ ಎಂದು ಹಿಡಿದರೂ ತಿಂಗಳಿಗೆ ಒಂದು ಮನೆಯಿಂದ 1200 ಗ್ರಾಂ, 60 ಮನೆಗೆ 72 ಕಿಲೋ. ಸಮಸ್ಯೆ ತೂಕದ್ದಲ್ಲ. ಒಂದು ಮನೆಯದು ಕುಚ್ಚಲು, ಇನ್ನೊಂದರದು ಬೆಳ್ತಿಗೆ, ಎಲ್ಲ ಒಂದೇ ಚೀಲಕ್ಕೆ ಸುರಿದರೆ ಬೇಯಿಸುವವರ ಪಾಡು ನೋಡಬೇಕು. ಬೆಳ್ತಿಗೆ ಮುದ್ದೆಯಾದರೂ ಕುಚ್ಚಲು ಬೆಂದಿರುವುದಿಲ್ಲ. ಅಮ್ಮನವರು ಎರಡು ಡಬ್ಬ ಇಡಿಸಿದರು, ಅಕ್ಕಿ ಪಡೆದ ಮನೆಯವರು ಆಡಿಕೊಳ್ಳುವುದು ನಿಂತಿತು.

ಕೂಸಿನ ಅಂಗಿಗಳೂ ಹಾಗೆಯೇ. ಉಡುಪಿಯಲ್ಲಿ ಡಾ. ಇವಾ ಲೊಂಬಾರ್ಡ್ 1923ರಲ್ಲಿ ಶುರು ಮಾಡಿದ ಆಸ್ಪತ್ರೆಯನ್ನು ಇಂದಿಗೂ ಜನ ಮಿಷನ್ ಆಸ್ಪತ್ರೆ ಎನ್ನುತ್ತಾರೆ. ಆ ಹಳೆಯ ಕಾಳಜಿಯ ಎಳೆಯಲ್ಲೇ ಬಾಣಂತಿಯರಿಗೆ ಬಟ್ಟೆ ಹೊಲಿದು ಕೊಡುವ ರೂಢಿ ಬೆಳೆದಿದೆ ಎನ್ನಬಹುದು. ಹಳೆಯ ಹತ್ತಿ ಸೀರೆಯ ಮೆತ್ತನೆ ಭಾಗ, ಗುಂಡಿಯ ಬದಲು ಕಟ್ಟುವ ದಾರ, ಹೊಲಿಗೆಯ ಅಂಚು ಹೊರಮೈಗೆ. ಚಂದಕ್ಕೆ ಲೇಸು ಹಚ್ಚಿದರೆ ಕೂಸಿನ ಬೆರಳು ಚೌಕದಲ್ಲಿ ಸಿಕ್ಕಿಕೊಳ್ಳುತ್ತದೆ, ಹಚ್ಚಬಾರದು.

ಈಸ್ಟರಿಗೆ ಹಿಂದಿನ ಗರಿಗಳ ಭಾನುವಾರಕ್ಕೆ ತೆಂಗಿನ ತಿರಿ, ಅಂದರೆ ಎಳೆಯ ಗರಿ. ಒಂದು ಗರಿಯಲ್ಲಿ 200ರಷ್ಟು ಎಲೆ ಇರುತ್ತದೆ, ತುದಿಯ ಗಿಡ್ಡ ಎಲೆ ಬಿಟ್ಟರೂ ಸಾಧಾರಣ ಸಭೆಗೆ ಸಾಕು. ಶನಿವಾರ ಸಂಜೆ ಕೊಯ್ದು ಒದ್ದೆ ಬಟ್ಟೆಯಲ್ಲಿ ಸುತ್ತಿಡಬೇಕು. ಬೆಳಿಗ್ಗೆ ಗಾಳಿಗೆ ಬಿಟ್ಟರೆ ಎಲೆ ಸುರುಟಿ, ಶಿಲುಬೆ ಮಡಚುವಾಗ ಸೀಳುತ್ತದೆ.

ಬೆಳೆ ಹಬ್ಬದ ಏಲಂ (ಹರಾಜು) ಬಗ್ಗೆ ಒಂದು ಕಹಿ ಮಾತು ಹೇಳದೆ ಇರಲಾಗುವುದಿಲ್ಲ. ಒಂದು ಬಾಳೆಗೊನೆಯನ್ನು ಹುರುಪಿನಿಂದ ಏರಿಸುತ್ತಾ ಹೋಗುವ ಜನ ಲೇಸಿನ ಟ್ರೇ ಬಟ್ಟೆ ಬಂದಾಗ ನೂಲಿನ ಬೆಲೆ ಎಷ್ಟು ಎಂದು ಕೇಳುತ್ತಾರೆ. ಕೇಳುವವರಿಗಾಗಿ ಲೆಕ್ಕ. ಪಳಗಿದ ಕೈಗೆ ಈ ಲೇಸಿನ ಒಂದು ಸಾಲಿಗೆ 4 ನಿಮಿಷ. 800 ಸಾಲಿಗೆ 3200 ನಿಮಿಷ, ಅಂದರೆ 53 ಗಂಟೆಗಿಂತ ಹೆಚ್ಚು. ದಿನಕ್ಕೆ ಅರ್ಧ ಗಂಟೆಯಂತೆ 107 ದಿನ. ಮಳೆ ಕಡಿಮೆಯಾಗಿ ಕೈ ಅಂಟುವುದು ನಿಂತ ಸೆಪ್ಟೆಂಬರ್ ಮೊದಲ ದಿನ ಶುರು ಮಾಡಿದರೆ ಕ್ರಿಸ್ಮಸ್ಸಿಗೆ ಒಂಬತ್ತು ದಿನ ಇರುವಾಗ ಮುಗಿಯುತ್ತದೆ. ಒಗೆಯಲು, ಹೊಲಿಯಲು ಆ ಒಂಬತ್ತು ದಿನ. ಅಮ್ಮನವರು ಪುಸ್ತಕದಲ್ಲಿ ಬರೆದಿಟ್ಟ ದಿನಗಳೂ ಹೀಗೇ ಇವೆ.

ಉಳಿದಿರುವುದು ಮುಂಭಾಗದ ಕೊನೆಯ 20 ಸಾಲು, ಮೂಲೆಯ 40, ಬಲಬದಿಯ 180. ಒಬ್ಬರೇ ಕೂತರೆ 16 ಗಂಟೆ. ಹತ್ತು ಜನ ಹಂಚಿಕೊಂಡರೆ ಬೇಗ ಆಗುತ್ತದೆ ಎನ್ನುವ ಸಲಹೆ ಬಂದಿದೆ. ಬೇಡ. ಹತ್ತು ಕೈಯ ಬಿಗಿ ಹತ್ತು ಬಗೆ, ಲೇಸಿನ ಅಗಲ ಹಾವು ನಡೆದಂತೆ ಆಗುತ್ತದೆ. ಒಬ್ಬರೇ ಮಾಡಬೇಕು, ಯಾರೆನ್ನುವುದನ್ನು ಅಳತೆ ಹೇಳಲಿ. ಬಾಗಿಲ ಬಳಿ 20 ನಂಬರಿನ ನೂಲನ್ನು ಚಿಕ್ಕ ಚಿಕ್ಕ ಉಂಡೆ ಮಾಡಿಟ್ಟಿದ್ದೇವೆ, ಅಮ್ಮನವರ ಲಾಟಿನದಲ್ಲ, ಅದನ್ನು ಪ್ರಯೋಗಕ್ಕೆ ಕಳೆಯುವಂತಿಲ್ಲ. 35 ಸರಪಣಿ ಹಾಕಿ, 10 ಖಾಲಿ ಚೌಕದ 10 ಸಾಲು ಹೆಣೆಯಿರಿ. ಒಗೆದು, ಎಳೆಯದೆ, ಗಂಜಿ ಹಾಕದೆ ಒಣಗಿಸಿ ಮುಂದಿನ ಭಾನುವಾರ ಆರಾಧನೆ ಮುಗಿದ ಮೇಲೆ ತನ್ನಿ. ಎರಡೂ ಕಡೆ 2 ಅಂಗುಲ ಬರಬೇಕು. ಸ್ಕೇಲ್ ನಾವು ತರುತ್ತೇವೆ.